ಉಪ್ಪಿಗೆ ಬಿದ್ದ ಚೆರ್ರಿ

ಎದುರು ಫ್ಲಾಟಿನ ಉಮ್ಮು ಕಿನಾನ್ ಬಾಗಿಲು ತಟ್ಟುವ ರೀತಿಯೇ ಬೇರೆ. ಬೆಲ್ ಇದ್ದರೂ ಒತ್ತುವುದಿಲ್ಲ. ಅಂಗೈಯಲ್ಲಿ ಬಡಿದು, ಬಾಗಿಲು ತೆರೆಯುವ ಮೊದಲೇ ಮಾತು ಶುರುಮಾಡಿಬಿಡುತ್ತಾರೆ. ಆ ಬುಧವಾರ ಬೆಳಿಗ್ಗೆ ಶಮೀರಾ ತಲೆಗೆ ಶಾಲು ಎಳೆದುಕೊಂಡು ಚಿಲಕ ತೆಗೆಯುವಷ್ಟರಲ್ಲಿ ಅರ್ಧ ಮಾತು ಮುಗಿದೇ ಹೋಗಿತ್ತು. ಉಳಿದರ್ಧ ಹೀಗಿತ್ತು:

"...ಆದ್ದರಿಂದ ಇದನ್ನು ಶುಕ್ರವಾರದವರೆಗೆ ನಿನ್ನ ಫ್ರಿಜ್ಜಿನಲ್ಲಿ ಇಟ್ಟುಕೊ, ಹಬೀಬ್ತಿ."

ಅವರ ಎರಡು ಕೈಗಳ ಮೇಲೆ ತೆಳು ಹಲಗೆಯ ಒಂದು ಪೆಟ್ಟಿಗೆ. ಮೇಲಿನ ಕಾಗದ ಸರಿಸಿದರೆ ಒಳಗೆಲ್ಲ ಕೆಂಪೋ ಕೆಂಪು. ಉದ್ದ ತೊಟ್ಟಿನ ಪುಟ್ಟ ಹಣ್ಣುಗಳು, ಬೆಳಕಿಗೆ ಹಿಡಿದರೆ ಬೀಜದ ನೆರಳು ಕಾಣುವಷ್ಟು ತೆಳ್ಳಗಿನ ಸಿಪ್ಪೆ. ಮಾಲ್‌ಗಳಲ್ಲಿ ಸಿಗುವ ಕಪ್ಪು ಕಪ್ಪು ಸಿಹಿ ಚೆರ್ರಿ ಇದಲ್ಲ. ಇದು ಹುಳಿ ಚೆರ್ರಿ. ಉಮ್ಮು ಕಿನಾನರ ಬಾಯಲ್ಲಿ ಕರಜ್.

ಉಮ್ಮು ಕಿನಾನ್, ಎಂದರೆ ಕಿನಾನನ ತಾಯಿ, ಸಿರಿಯಾದ ಅಲೆಪ್ಪೊದವರು. ಯುದ್ಧಕ್ಕೆ ಮೊದಲೇ ಗಂಡನ ಕೆಲಸಕ್ಕೆಂದು ಸೌದಿಯ ದಮ್ಮಾಮಿಗೆ ಬಂದು ಇಲ್ಲೇ ಉಳಿದವರು. ಮಗಳು ಲಮೀಸಳ ನಿಶ್ಚಿತಾರ್ಥ ಶುಕ್ರವಾರ. ಹುಡುಗನ ಕಡೆಯವರೂ ಅಲೆಪ್ಪೊದವರೇ. ಅಲ್ಲಿಯ ಕ್ರಮದಲ್ಲಿ ಇಂಥ ಊಟಕ್ಕೆ ಹುಳಿ ಚೆರ್ರಿಯ ರಸದಲ್ಲಿ ಬೇಯಿಸಿದ ಕೀಮಾ ಉಂಡೆಯ ಕಬಾಬು ಇಲ್ಲದಿದ್ದರೆ ಆಗುವುದಿಲ್ಲವಂತೆ. ಊರು ಬಿಟ್ಟ ಮೇಲೆ ನಿಜವಾದ ಕರಜ್ ಹಾಕಿದ ಕಬಾಬು ತಿಂದೇ ಇಲ್ಲ ಎಂದು ಹುಡುಗನ ತಾಯಿ ಫೋನಿನಲ್ಲಿ ಹೇಳಿಕೊಂಡಿದ್ದರಂತೆ. ಟರ್ಕಿಯಲ್ಲಿರುವ ಉಮ್ಮು ಕಿನಾನರ ತಮ್ಮ ಉಮ್ರಾ ಯಾತ್ರೆಗೆ ಬರುವಾಗ ಈ ಪೆಟ್ಟಿಗೆಯನ್ನು ಮಗುವಿನ ಹಾಗೆ ಜತೆಗೆ ಹೊತ್ತು ತಂದಿದ್ದ. ಇವರ ಫ್ರಿಜ್ಜಿನಲ್ಲಿ ಮಾತ್ರ ಕುರಿಮಾಂಸ, ಸಿಹಿತಿಂಡಿಯ ತಟ್ಟೆ, ದ್ರಾಕ್ಷಿ ಎಲೆ ತುಂಬಿ ಬಾಗಿಲು ಹಾಕಲಿಕ್ಕೂ ಮೊಣಕಾಲು ಒತ್ತಬೇಕಿತ್ತು.

"ಬೇರೆಯವರ ಮನೆಯಲ್ಲಿಟ್ಟರೆ ನನಗೆ ಜೀವದಲ್ಲಿ ಜೀವ ಇರುವುದಿಲ್ಲ. ನಿನ್ನ ಕೈಯಲ್ಲಿದ್ದರೆ ಚಿಂತೆ ಇಲ್ಲ," ಎಂದು ಅವರು ಶಮೀರಾಳ ಗಲ್ಲ ಚಿವುಟಿ ಹೋದರು.

ಚಿಂತೆ ಶುರುವಾದದ್ದೇ ಆ ಮಾತಿನಿಂದ. ಮನೆಗೆ ಬೀಗ ಹಾಕಿ ಲಿಫ್ಟಿನವರೆಗೆ ಹೋಗಿ ಮತ್ತೆ ಬಂದು ಬೀಗ ಎಳೆದು ನೋಡುವವಳು ಶಮೀರಾ. ಗ್ಯಾಸ್ ಆಫ್ ಮಾಡಿದ್ದೇನೆಯೇ ಎಂದು ಅರ್ಧ ದಾರಿಯಲ್ಲಿ ಗಂಡನ ಕೈಲಿ ಕಾರು ತಿರುಗಿಸಿದ್ದೂ ಉಂಟು. ಇನ್ನೊಬ್ಬರ ಮಗಳ ನಿಶ್ಚಿತಾರ್ಥದ ಹಣ್ಣು ಈಗ ಅವಳ ಅಡುಗೆಮನೆಯ ಕಟ್ಟೆಯ ಮೇಲಿತ್ತು.

"ಎಂತ ಮೋಳೆ ಅದು?" ಎಂದು ಸ್ಟೂಲಿನ ಮೇಲೆ ಕೂತಿದ್ದ ಅತ್ತೆ ಕೇಳಿದರು. ಅತ್ತೆಯ ಹೆಸರು ಆಮಿನತ್. ಶಮೀರಾ ಕರೆಯುವುದು ಮಾಮಿ ಎಂದು, ಅವರು ಸೊಸೆಯನ್ನು ಕರೆಯುವುದು ಮೋಳೆ, ಅಂದರೆ ಮಗಳೇ, ಎಂದು. ಪೆರ್ನಾಲ್ ಹಬ್ಬ ಮುಗಿಸಿಕೊಂಡು ವಿಸಿಟ್ ವೀಸಾದಲ್ಲಿ ಉಳ್ಳಾಲದಿಂದ ಬಂದಿದ್ದರು. ಬಂದ ದಿನದಿಂದ ಆ ಸ್ಟೂಲೇ ಅವರ ಕಚೇರಿ.

"ಚೆರ್ರಿ ಮಾಮಿ. ಎದುರಿನವರದ್ದು. ಶುಕ್ರವಾರದವರೆಗೆ ಇಡ್ಲಿಕ್ಕೆ ಕೊಟ್ಟದ್ದು."

ಮಾಮಿ ಒಂದನ್ನು ಬಾಯಿಗೆ ಹಾಕಿಕೊಂಡರು. ಒಂದು ಕಣ್ಣು ತಾನಾಗಿಯೇ ಮುಚ್ಚಿತು. "ಅಲ್ಲಾಹ್! ಇದನ್ನು ಮೀನಿಗೆ ಹಾಕ್ಬಹುದು."

ಫ್ರೀಜರಿನಲ್ಲಿ ಅಂಜಲ್, ಬಂಗುಡೆಗಳು ಐಸ್‌ಕ್ರೀಮ್ ಡಬ್ಬಗಳಲ್ಲಿ ಗಟ್ಟಿಯಾಗಿ ಕೂತಿದ್ದವು. ಅಲ್ಲಿ ಬೇಡ, ವಾಸನೆ ಹಿಡಿಯುತ್ತದೆ ಎಂದು ಶಮೀರಾ ಫ್ರಿಜ್ಜಿನ ಕೆಳಗಿನ ಅರೆಯನ್ನು ಪೂರ್ತಿ ಖಾಲಿ ಮಾಡಿದಳು. ವಿನೆಗರ್ ಹಾಕಿ ಒರೆಸಿದಳು. ಒಣಮೀನಿನ ಪೊಟ್ಟಣವನ್ನು ಇನ್ನೊಂದು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಬಾಲ್ಕನಿಗೆ ಗಡೀಪಾರು ಮಾಡಿದಳು. ಆಮೇಲೆ ಹಣ್ಣಿನ ಕಡೆ ತಿರುಗಿದಳು. ಎಲ್ಲಿಯೋ ಬೆಳೆದು, ಯಾರ್ಯಾರದೋ ಕೈ ದಾಟಿ, ವಿಮಾನ ಹತ್ತಿ ಬಂದದ್ದು. ತೊಳೆಯದೆ ಫ್ರಿಜ್ಜಿಗೆ ಇಡುವುದೆಂದರೆ ಹೇಗೆ? ದೊಡ್ಡ ಪಾತ್ರೆಯಲ್ಲಿ ನೀರು ತುಂಬಿ ಮೂರು ಸಲ ತೊಳೆದಳು. ತೊಟ್ಟಿನ ಬುಡದಲ್ಲಿ ಮಣ್ಣು ಇದ್ದೀತೆಂದು ಒಂದೊಂದೇ ತೊಟ್ಟನ್ನೂ ಕಿತ್ತಳು. ಅಕ್ಕಿಯಲ್ಲಿ ಕಲ್ಲು ಆರಿಸುವಷ್ಟು ಶ್ರದ್ಧೆಯಿಂದ ಕಿತ್ತಳು. ಎಲ್ಲವನ್ನೂ ಸ್ಟೀಲಿನ ಪಾತ್ರೆಯಲ್ಲಿ ರಾಶಿ ಹಾಕಿ, ಮುಚ್ಚಳ ಮುಚ್ಚಿ, ಫ್ರಿಜ್ಜಿನೊಳಗಿಟ್ಟಳು. ಒಂದು ಕೆಲಸ ಸರಿಯಾಗಿ ಮಾಡಿದೆ ಎಂಬ ಸಮಾಧಾನ ಅವಳಿಗೆ ಅಪರೂಪ. ಅಂದು ಸಿಕ್ಕಿತು.

ಮಧ್ಯಾಹ್ನದ ಲುಹರ್ ನಮಾಝ್ ಮುಗಿಸಿ ನೋಡಿದರೆ ಪಾತ್ರೆಯ ತಳದಲ್ಲಿ ಕೆಂಪು ನೀರು ನಿಂತಿತ್ತು.

"ಮಾಮಿ, ಇದು ಅಳ್ತಾ ಉಂಟು!"

ತೊಟ್ಟು ಕಿತ್ತ ಕಡೆಯಲ್ಲೆಲ್ಲ ಸಣ್ಣ ಬಾಯಿ ತೆರೆದು ರಸ ಇಳಿಯುತ್ತಿತ್ತು. ಕೆಳಗಿನ ಹಣ್ಣುಗಳು ಮೇಲಿನವುಗಳ ಭಾರಕ್ಕೆ ಅಪ್ಪಚ್ಚಿಯಾಗತೊಡಗಿದ್ದವು. ಮಾಮಿ ಬಗ್ಗಿ ನೋಡಿ ತೀರ್ಪು ಕೊಟ್ಟರು. "ಇದು ನಾಳೆಗೆ ನಿಲ್ಲುವ ಸಾಮಾನಲ್ಲ. ಹುಳಿ ಕಾಯಿ ನೀರು ಬಿಟ್ಟರೆ ಉಪ್ಪಿಗೆ ಹಾಕ್ಬೇಕು. ನಮ್ಮಲ್ಲಿ ಮಾವು, ಅಂಬಟೆ, ನೆಲ್ಲಿ ಯಾವುದನ್ನು ಉಪ್ಪಿಲ್ಲದೆ ಇಟ್ಟದ್ದು ಉಂಟು?"

"ಅವರನ್ನು ಒಂದು ಮಾತು ಕೇಳಿ ಬರ್ತೇನೆ ಮಾಮಿ."

ಅಷ್ಟರಲ್ಲಿ ಕರೆಂಟು ಹೋಯಿತು.

ದಮ್ಮಾಮಿನಲ್ಲಿ ಕರೆಂಟು ಹೋಗುವುದೆಂದರೆ ಗ್ರಹಣ ಹಿಡಿದ ಹಾಗೆ, ಅಷ್ಟು ಅಪರೂಪ. ಜೂನಿನ ಬಿಸಿಲಿಗೆ ಎಲ್ಲರ ಏಸಿಯೂ ಒಟ್ಟಿಗೆ ಗುಡುಗಿ ಬಿಲ್ಡಿಂಗಿನ ಮೇನ್ ಟ್ರಿಪ್ ಆಗಿತ್ತು, ಅಷ್ಟೆ. ಆದರೆ ಏಸಿಯ ಸದ್ದು ನಿಂತು, ಫ್ರಿಜ್ಜು ಒಮ್ಮೆ ನಡುಗಿ ಸುಮ್ಮನಾದ ಆ ಕ್ಷಣದಲ್ಲಿ ಅಡುಗೆಮನೆಯಲ್ಲಿದ್ದ ಇಬ್ಬರು ಹೆಂಗಸರೂ ದಮ್ಮಾಮಿನಲ್ಲಿ ಇರಲಿಲ್ಲ. ಅವರಿಗೆ ಗೊತ್ತಿದ್ದ ಕರೆಂಟು ಬೇರೆ. ಉಳ್ಳಾಲದಲ್ಲಿ ಜೂನ್ ತಿಂಗಳ ಮಳೆಗೆ ಕರೆಂಟು ಹೋದರೆ ಎಲ್ಲಿಯೋ ಮರ ಬಿದ್ದಿದೆ ಎಂದರ್ಥ. ಲೈನ್‌ಮ್ಯಾನ್ ಮನಸ್ಸು ಮಾಡಿ ಕಂಬ ಹತ್ತುವವರೆಗೆ ಫ್ರಿಜ್ಜು ಬರೀ ಕಪಾಟು. ಒಳಗಿದ್ದ ಮೀನನ್ನೆಲ್ಲ ಆ ಕೂಡಲೇ ಹುರಿಯಬೇಕು, ಇಲ್ಲವೇ ಉಪ್ಪು ಹಾಕಬೇಕು.

"ಇನ್ನು ಯಾರನ್ನು ಕೇಳ್ತಿ? ಉಪ್ಪು ತಾ!" ಮಾಮಿ ಸ್ಟೂಲಿನಿಂದ ಎದ್ದೇಬಿಟ್ಟರು.

ಶಮೀರಾಳ ಕೈ ತಾನಾಗಿ ಕಲ್ಲುಪ್ಪಿನ ಡಬ್ಬಕ್ಕೆ ಹೋಯಿತು. ಮಾಮಿ "ಮುಷ್ಟಿ ತುಂಬಾ ಹಾಕು" ಎಂದರು. ಅವಳು ಮೂರು ಬೆರಳಲ್ಲಿ ಹಾಕಿದಳು. "ಇನ್ನೂ ಹಾಕು." ಇನ್ನೊಂದು ಚಿಟಿಕೆ. "ಎಂತ, ತಾಯತಕ್ಕೆ ಊದುದಾ? ಹಾಕು ಮಾರಾಯ್ತಿ!" ಹಾಕಲೇ ಬೇಡವೇ ಎಂದು ಎರಡು ಮನಸ್ಸಾಗಿ ಉದುರಿಸಿ, ಕೈ ಹಿಂದೆಗೆದು, ಮತ್ತೆ ಉದುರಿಸಿ, ಪಾತ್ರೆ ಕುಲುಕಿದಳು.

ಫ್ರಿಜ್ಜು ಗಂಟಲು ಸರಿಮಾಡಿಕೊಂಡಂತೆ ಸದ್ದು ಮಾಡಿ ಮತ್ತೆ ಓಡತೊಡಗಿತು. ಏಸಿ ಬೀಸಿತು. ಹಾರಿಸ್, ಅಂದರೆ ಬಿಲ್ಡಿಂಗಿನ ಕಾವಲಿನವನು, ಕೆಳಗಿನಿಂದ ಏನೋ ಕೂಗಿದ್ದು ಕೇಳಿಸಿತು.

"ಮಾಮಿ, ಕರೆಂಟು ಬಂತು."

"ಬರಲಿ. ಹಾಕಿದ ಉಪ್ಪು ವಾಪಸ್ ಬರ್ತದಾ?"

ಮಾಂಸಕ್ಕೆ ಹಾಕುವ ಹಣ್ಣು ತಾನೇ, ಮಾಂಸಕ್ಕೆ ಹೇಗೂ ಉಪ್ಪು ಬೇಕಲ್ಲ ಎಂದು ಶಮೀರಾ ತನಗೆ ತಾನೇ ಹೇಳಿಕೊಂಡಳು. ಆ ಸಮಾಧಾನ ಸಂಜೆಯವರೆಗೂ ಬಾಳಲಿಲ್ಲ. ಹೊಸ ಬಟ್ಟೆ ತೋರಿಸಲಿಕ್ಕೆಂದು ಲಮೀಸ್ ಬಂದಳು. ತಿಳಿ ಹಸಿರು ಗೌನು, ಕೈಯಂಚಿನಲ್ಲಿ ಮುತ್ತು. ಮಾಮಿ ಬಟ್ಟೆ ಮುಟ್ಟಿ ನೋಡಿ ಮಾಶಾ ಅಲ್ಲಾಹ್ ಎಂದರು. ಲಮೀಸ್ ತನ್ನ ಇಂಗ್ಲಿಷಿನಲ್ಲಿ ಕೇಳಿದಳು, "ನಮ್ಮ ಕರಜ್ ಹೇಗಿದೆ ಆಂಟಿ? ಅಮ್ಮನಿಗೆ ಈಗ ನನಗಿಂತ ಅದರದ್ದೇ ಯೋಚನೆ. ನಾಳೆ ರಾತ್ರಿ ಸಕ್ಕರೆಯಲ್ಲಿ ನೆನೆಹಾಕ್ತಾರಂತೆ. ಅಲ್ಲಿಯವರೆಗೆ ತೊಟ್ಟು ಮುರಿಯಬಾರದು, ನೀರು ಸೋಕಬಾರದು, ಬಟ್ಟೆಯ ಮೇಲೆ ಹರಡಿರಬೇಕು ಅಂತ ನಮಗೆ ಚಿಕ್ಕಂದಿನಿಂದ ಪಾಠ. ನಿಮಗೂ ಗೊತ್ತಿರ್ತದೆ ಬಿಡಿ."

ಶಮೀರಾ ಫ್ರಿಜ್ಜಿಗೆ ಬೆನ್ನು ಕೊಟ್ಟು ನಿಂತಿದ್ದಳು. "ಚೆನ್ನಾಗಿದೆ," ಎಂದಳು.

ಹೇಳಿದ ಮೇಲೆ ಕಿವಿ ಬಿಸಿಯಾಯಿತು. ಹಣ್ಣು ಹಾಳು ಮಾಡಿದ್ದಕ್ಕಿಂತ ಆ ಒಂದು ಮಾತು ಹೆಚ್ಚು ಚುಚ್ಚಿತು. ಸಕ್ಕರೆಯಂತೆ! ಹುಡುಗಿ ಅತ್ತ ಹೋದ ಕೂಡಲೇ ಒಂದು ಹಣ್ಣು ಕಚ್ಚಿ ನೋಡಿದಳು. ಹುಳಿಯ ಹಿಂದೆಯೇ ಉಪ್ಪು ಬಂತು.

ಗುರುವಾರ ಅವಳ ಗಂಡ ನಝೀಮ್ ರಾಸ್ ತನೂರಾದ ರಿಫೈನರಿಯಲ್ಲಿ ಶಿಫ್ಟ್ ಮುಗಿಸಿ ಬಂದು ಇನ್ನೂ ಬೂಟು ಬಿಚ್ಚಿರಲಿಲ್ಲ. "ಚಾವಿ ಕೈಯಲ್ಲೇ ಇರಲಿ, ಚೆರ್ರಿ ಹುಡುಕ್ಲಿಕ್ಕೆ ಉಂಟು," ಎಂದಳು. ದಮ್ಮಾಮಿನ ಹಣ್ಣಿನ ಮಾರ್ಕೆಟ್ಟು, ಅಲ್ಲಿಂದ ಖೋಬರಿನ ಮಾಲ್‌ಗಳು. ಎಲ್ಲ ಕಡೆ ಸಿಹಿ ಚೆರ್ರಿ, ದಪ್ಪ ದಪ್ಪ, ಮೇಣ ಹಚ್ಚಿದ ಹಾಗೆ ಹೊಳೆಯುವಂಥದ್ದು. ಮಾರ್ಕೆಟ್ಟಿನ ಯೆಮೆನಿಯೊಬ್ಬ, "ಹುಳಿ ಬೇಕಾದರೆ ನಿಂಬೆ ತಗೊಳ್ಳಿ, ಯಲ್ಲಾ," ಎಂದ. ನಝೀಮ್ ಪ್ರತಿ ಅಂಗಡಿಯಲ್ಲೂ ಒಂದೆರಡು ರುಚಿ ನೋಡಿ ಬೀಜ ಉಗುಳುತ್ತ ಹಿಂದೆ ಹಿಂದೆ ಬಂದ.

"ಹೆಂಗಸರಿಗೂ ಲೈಸೆನ್ಸ್ ಕೊಡ್ಲಿಕ್ಕೆ ಶುರುಮಾಡಿದ್ದಾರೆ, ಗೊತ್ತುಂಟಾ? ಮುಂದಿನ ಸಲ ನೀನೇ ಓಡಿಸಿಕೊಂಡು ಟರ್ಕಿಗೇ ಹೋಗಿ ತಾ," ಎಂದ ಕಾರಿನಲ್ಲಿ.

"ನಿಮಗೆ ತಮಾಷೆ. ಆ ಹುಡುಗಿಯ ಅತ್ತೆ ನಾಳೆ ಬರ್ತಾರೆ. ಆ ಒಂದು ಅಡುಗೆಗೆ ಕಾದು ಕೂತಿದ್ದಾರಂತೆ. ಅದಿಲ್ಲದಿದ್ದರೆ ಉಮ್ಮು ಕಿನಾನ್ ಬೀಗಿತ್ತಿಯ ಎದುರು ಹೇಗೆ ನಿಲ್ಲುದು? ನಾನು ಉಮ್ಮು ಕಿನಾನರ ಎದುರು ಹೇಗೆ ನಿಲ್ಲುದು?"

ನಝೀಮ್ ಕಾರನ್ನು ಮನೆಯ ಕಡೆ ತಿರುಗಿಸಿದ. "ಹೋಗಿ ಹೇಳಿಬಿಡು. ಈಗಲೇ. ನಾಳೆ ಗೊತ್ತಾಗುವುದಕ್ಕಿಂತ ಇವತ್ತು ಗೊತ್ತಾಗುವುದು ಒಳ್ಳೆಯದಲ್ವಾ? ಬೈದರೂ ಅರಬ್ಬಿಯಲ್ಲಿ ಬೈತಾರೆ. ಅರ್ಧ ನಿನಗೆ ಅರ್ಥ ಆಗುದಿಲ್ಲ."

ಅವಳಿಗೆ ನಗು ಬಂತು. ಅಳುವೂ ಬಂತು. ಎರಡನ್ನೂ ಶಾಲಿನ ತುದಿಯಲ್ಲಿ ಒರೆಸಿಕೊಂಡಳು.

ಮನೆಗೆ ಬಂದವಳೇ ಪಾತ್ರೆಯನ್ನು ಎತ್ತಿಕೊಂಡು ಎದುರುಮನೆಗೆ ಹೋದಳು. ಬೆಲ್ ಒತ್ತಲು ಕೈ ಖಾಲಿ ಇಲ್ಲದೆ ಮೊಣಕೈಯಿಂದ ತಟ್ಟಿದಳು. ಉಮ್ಮು ಕಿನಾನ್ ಅಡುಗೆಮನೆಯ ಮೇಜಿನ ಮುಂದೆ ಕೀಮಾದ ದೊಡ್ಡ ಬೋಗುಣಿ ಇಟ್ಟುಕೊಂಡು ಕೂತಿದ್ದರು. ಅಂಗಡಿ ಬೀದಿಯಲ್ಲಿ ಕಲಿತ ತನ್ನ ಅರಬ್ಬಿಯಲ್ಲಿ ಶಮೀರಾ ದಾರಿಯುದ್ದಕ್ಕೂ ಜೋಡಿಸಿಟ್ಟುಕೊಂಡಿದ್ದ ವಾಕ್ಯಗಳೆಲ್ಲ ಹೊಸ್ತಿಲಲ್ಲೇ ಉದುರಿಹೋದವು. ಮುಚ್ಚಳ ತೆಗೆದು ತೋರಿಸಿದಳು. "ನಾನು ತೊಳೆದೆ. ತೊಟ್ಟು ತೆಗೆದೆ. ಉಪ್ಪು ಹಾಕಿದೆ. ನಿನ್ನೆ ಲಮೀಸಳಿಗೆ ಸುಳ್ಳು ಹೇಳಿದೆ."

ಉಮ್ಮು ಕಿನಾನ್ ಬಗ್ಗಿ ನೋಡಿದರು. ಬೈಯಲಿಲ್ಲ. ಕುರ್ಚಿಯ ಬೆನ್ನಿಗೆ ಒರಗಿ, ಎಣ್ಣೆಗೈಯನ್ನು ಗಾಳಿಯಲ್ಲೇ ಹಿಡಿದು, ಕಣ್ಣು ಮುಚ್ಚಿದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಬೇರೆ ಏನಾದರೂ ಮಾಡೋಣ ಅಮ್ಮ," ಎಂದಳು ಲಮೀಸ್.

"ಏನು ಮಾಡ್ತಿ? ಹುಡುಗನ ತಾಯಿ ಮೇಜಿಗೆ ಬಂದು ಕೂತು ಮೊದಲು ಅದನ್ನೇ ಕೇಳುತ್ತಾಳೆ. ಕರಜ್ ಬಂದಿದೆ ಎಂದು ನಾನೇ ಫೋಟೋ ಕಳಿಸಿದ್ದೇನಲ್ಲ."

ಆಗ ಕಾರಿಡಾರಿನಲ್ಲಿ ಚಪ್ಪಲಿ ಸದ್ದು. ಯಾರೂ ಕರೆಯದೆ, ತೂತಿನ ಪಾತ್ರೆಯೊಂದನ್ನು ಕಂಕುಳಲ್ಲಿ ಇರುಕಿಕೊಂಡು, ಮಾಮಿ ಒಳಗೆ ಬಂದೇಬಿಟ್ಟರು. ಬ್ಯಾರಿ ಭಾಷೆಯಲ್ಲಿ ಗಟ್ಟಿಯಾಗಿ ಘೋಷಿಸಿದರು. "ಹುಡುಗಿಗೆ ಎಂತದೂ ಹೇಳ್ಬೇಡಿ. ಉಪ್ಪು ಹಾಕ್ಲಿಕ್ಕೆ ಹೇಳಿದ್ದು ನಾನು. ಉಪ್ಪಿಗೆ ಹಾಕಿದ್ದನ್ನು ತೆಗೆಯುದು ಹೇಗೆ ಅಂತ ನನಗೆ ಗೊತ್ತುಂಟು."

ಸಿರಿಯಾದವರಿಬ್ಬರೂ ಶಮೀರಾಳ ಮುಖ ನೋಡಿದರು. ಶಮೀರಾ ಅನುವಾದಿಸುವ ಮೊದಲೇ ಮಾಮಿ ಪಾತ್ರೆಗೆ ಕೈ ಹಾಕಿ ಒಂದು ಹಣ್ಣು ಬಾಯಿಗೆಸೆದುಕೊಂಡಿದ್ದರು. ಅಗಿದರು. ನಿಂತರು. ಸೊಸೆಯ ಕಡೆ ತಿರುಗಿದರು.

"ಇದೆಂತ ಉಪ್ಪು ಮೋಳೆ? ಪಾಯಸಕ್ಕೆ ಹಾಕಿದ ಹಾಗೆ! ನಾನು ಮುಷ್ಟಿ ಮುಷ್ಟಿ ಅಂತ ಬೊಬ್ಬೆ ಹಾಕಿದ್ದು ಗೋಡೆಗಾ?"

"ನನಗೆ ಹೆದರಿಕೆ ಆಯ್ತು ಮಾಮಿ."

"ಹೆದರಿದ್ದು ಒಳ್ಳೆಯದಾಯ್ತು," ಎಂದರು ಮಾಮಿ. ಸೊಸೆಯನ್ನು ಅವರು ಬಾಯಿಬಿಟ್ಟು ಹೊಗಳಿದ್ದು ಅದೇ ಮೊದಲು. ಹೊಗಳಿಕೆ ಎಂದು ಶಮೀರಾಳಿಗೆ ತಿಳಿಯಲಿಕ್ಕೂ ಸ್ವಲ್ಪ ಹೊತ್ತು ಬೇಕಾಯಿತು. "ನನ್ನ ಲೆಕ್ಕದಲ್ಲಿ ಹಾಕಿದ್ದರೆ ಇದು ಮುಂದಿನ ಮಳೆಗಾಲದವರೆಗೆ ನಿಲ್ತಿತ್ತು. ಆದರೆ ನಾಳೆಯ ನಿಶ್ಚಯಕ್ಕೆ ಆಗ್ತಿರಲಿಲ್ಲ. ಇದಕ್ಕೆ ಒಂದು ನೀರು ಸಾಕು."

ಹಣ್ಣನ್ನು ತೂತಿನ ಪಾತ್ರೆಗೆ ಸುರಿದರು. ಕೆಳಗಿಟ್ಟ ಪಾತ್ರೆಗೆ ಇಳಿದ ಕೆಂಪು ರಸವನ್ನು ಸಿಂಕಿಗೆ ಚೆಲ್ಲಲು ಎತ್ತಿದರು. ಊರಿನಲ್ಲಿ ಉಪ್ಪುನೀರನ್ನು ಚೆಲ್ಲುವುದೇ ಕ್ರಮ.

"ಲಾ, ಲಾ, ಲಾ!" ಉಮ್ಮು ಕಿನಾನ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ಮಾಮಿಯ ಮಣಿಕಟ್ಟು ಹಿಡಿದರು. ಒಂದು ಕ್ಷಣ ಇಬ್ಬರೂ ಪಾತ್ರೆಯನ್ನು ಎರಡು ಕಡೆಗೆ ಎಳೆದರು. ಆಮೇಲೆ ಉಮ್ಮು ಕಿನಾನ್ ಬೆರಳು ಅದ್ದಿ ನೆಕ್ಕಿದರು. ಇನ್ನೊಮ್ಮೆ ಅದ್ದಿದರು. ಹಣೆಯ ಗಂಟು ಮೆಲ್ಲಗೆ ಸಡಿಲಾಯಿತು. ಮೇಜಿನ ಮೇಲಿನ ಕೀಮಾ ನೋಡಿದರು, ರಸ ನೋಡಿದರು.

"ಮಾಂಸಕ್ಕೆ ನಾನಿನ್ನೂ ಉಪ್ಪು ಹಾಕಿಲ್ಲ," ಎಂದರು ನಿಧಾನವಾಗಿ. ಉಪ್ಪಿನ ಬದಲು ಆ ಕೆಂಪು ರಸವನ್ನೇ ಕೀಮಾಕ್ಕೆ ಹೊಯ್ದು ನಾದತೊಡಗಿದರು.

ಆಮೇಲಿನದ್ದು ಹಬ್ಬ. ಒಂದು ನೀರಿನಲ್ಲಿ ನೆನೆದು ಉಪ್ಪು ಬಿಟ್ಟ ಹಣ್ಣನ್ನು ಬಟ್ಟೆಯ ಮೇಲೆ ಹರಡಿದರು. ಲಮೀಸ್ ಹೊಸ ಹೇರ್‌ಪಿನ್ನುಗಳ ಪ್ಯಾಕೆಟ್ಟೊಂದನ್ನು ಒಡೆದು ತೊಳೆದು ತಂದಳು. ಪಿನ್ನಿನ ಬಾಗಿದ ತುದಿಯನ್ನು ತೊಟ್ಟಿನ ತೂತಿಗೆ ಹಾಕಿ ತಿರುಗಿಸಿದರೆ ಬೀಜ ಪಟಕ್ಕನೆ ಹೊರಗೆ ಹಾರುತ್ತದೆ. ಇದು ಅಲೆಪ್ಪೊದ ಕಸುಬು. ಮಾಮಿಯ ಮೊದಲ ಬೀಜ ಸಿಡಿದು ಉಮ್ಮು ಕಿನಾನರ ಕನ್ನಡಕಕ್ಕೆ ಬಡಿಯಿತು. ಎರಡನೆಯದು ಲೈಟಿಗೆ ಬಡಿಯಿತು. ಆಮೇಲೆ ಅವರ ಕೈ ಪಳಗಿ ಎಲ್ಲರಿಗಿಂತ ಮುಂದೆ ಹೋಯಿತು. "ಸೀಗಡಿ ಸುಲಿದ ಕೈ ಇದು. ನಿಮ್ಮ ಚೆರ್ರಿ ಯಾವ ಲೆಕ್ಕ?" ಎಂದು ಬ್ಯಾರಿಯಲ್ಲೇ ಸವಾಲು ಹಾಕಿದರು. ಉಮ್ಮು ಕಿನಾನ್ ಅರಬ್ಬಿಯಲ್ಲೇ ಏನೋ ತಿರುಗೇಟು ಕೊಟ್ಟರು. ಇಬ್ಬರೂ ನಕ್ಕರು. ಎಲ್ಲರ ತೋಳೂ ಮೊಣಕೈಯವರೆಗೆ ಕೆಂಪಾಗಿತ್ತು. ಊಟ ಕೇಳಲು ಬಂದ ನಝೀಮ್ ಬಾಗಿಲಲ್ಲಿ ಆ ಕೈಗಳನ್ನು ನೋಡಿ, ಬಂದ ಕಾಲಲ್ಲೇ ಹಿಂದಿರುಗಿದ.

ಸಕ್ಕರೆ ಬಿದ್ದು, ದಾಲ್ಚಿನ್ನಿ ಬಿದ್ದು, ರಸ ಕುದಿಯತೊಡಗಿದಾಗ ಇಡೀ ಮಹಡಿ ಘಮಘಮಿಸಿತು. ಮೊದಲ ಉಂಡೆಯನ್ನು ಉಮ್ಮು ಕಿನಾನ್ ಮುರಿದು ಬಾಯಿಗಿಟ್ಟರು. ಎರಡನೆಯ ತುಂಡನ್ನು ಶಮೀರಾಳಿಗೆ ಕೊಡಲಿಲ್ಲ. ಅದನ್ನೂ ತಾವೇ ತಿಂದರು.

ಆದರೂ ಶುಕ್ರವಾರ ಸಂಜೆ ಎದುರುಮನೆಯ ಹೆಂಗಸರ ಕೋಣೆಯಲ್ಲಿ ಕೂತಾಗ ಶಮೀರಾ ಕಬಾಬಿನ ತಟ್ಟೆಯಿಂದ ಕಣ್ಣು ತೆಗೆಯಲಿಲ್ಲ. ತಮ್ಮ ಅಡುಗೆಮನೆಯಲ್ಲಿ ರುಚಿಯಾದದ್ದು ಬೀಗಿತ್ತಿಯ ಮುಂದೆ ರುಚಿಯಾಗಲೇಬೇಕೆಂದೇನಿದೆ? ಹುಡುಗನ ತಾಯಿ ನೀಳ ಮುಖದ, ಕಡಿಮೆ ಮಾತಿನ ಹೆಂಗಸು. ಉಳಿದ ತಟ್ಟೆಗಳನ್ನು ನಯವಾಗಿ ಬದಿಗೆ ಸರಿಸಿ ಮೊದಲು ಕಬಾಬನ್ನೇ ಬಡಿಸಿಕೊಂಡರು. ಒಂದು ಉಂಡೆ ತಿಂದರು. ಚಮಚ ಕೆಳಗಿಟ್ಟರು.

ಲಮೀಸ್ ಹಸಿರು ಗೌನಿನ ಮುತ್ತೊಂದನ್ನು ತಿರುಚುತ್ತಿದ್ದಳು.

ಹುಡುಗನ ತಾಯಿ ರೊಟ್ಟಿ ಹರಿದು, ತಟ್ಟೆಯ ರಸವನ್ನು ಒಂದು ಬಿಂದುವೂ ಬಿಡದೆ ಒರೆಸಿ ತಿಂದರು. ಆಮೇಲೆ ಮಾತಾಡಿದರು. "ಕರಜಿನ ಹುಳಿ ರಸದಲ್ಲೂ ಇದೆ. ಮಾಂಸದ ಒಳಗೂ ಇದೆ! ನನ್ನ ತಾಯಿ ಕೂಡ ಹೀಗೆ ಮಾಡಿದವರಲ್ಲ. ಇದನ್ನು ಯಾರು ಕಲಿಸಿದರು?" ಹೇಳುತ್ತಲೇ ಇನ್ನೊಮ್ಮೆ ಬಡಿಸಿಕೊಂಡರು, ಈ ಸಲ ಚಮಚ ತುಂಬಾ. ಅವರ ಕಣ್ಣಂಚು ತೇವವಾಗಿತ್ತು. ಮುಖ ಮಾತ್ರ ನಗುತ್ತಿತ್ತು.

ಉಮ್ಮು ಕಿನಾನ್ ಎದೆ ಉಬ್ಬಿಸಿ ಶಮೀರಾಳ ಭುಜದ ಮೇಲೆ ಕೈಯಿಟ್ಟರು. "ಹಣ್ಣು ಇವರ ಮನೆಯಲ್ಲಿತ್ತು. ಇವರು ಇಟ್ಟ ರೀತಿ ಅದು."

"ಹೌದಾ? ಈ ಸೆಕೆಯಲ್ಲಿ ಹೇಗೆ ಇಟ್ಟಿರಿ, ಮಗಳೇ? ನನಗೂ ಹೇಳಿಕೊಡಿ."

ಎಲ್ಲರೂ ಶಮೀರಾಳನ್ನು ನೋಡಿದರು. ಅವಳು ತಟ್ಟೆ ಕೆಳಗಿಟ್ಟು ನೆಟ್ಟಗೆ ಕೂತಳು. ತೊಳೆದದ್ದು, ತೊಟ್ಟು ಕಿತ್ತದ್ದು, ಕರೆಂಟು ಹೋದದ್ದು, ಸುಳ್ಳು ಹೇಳಿದ್ದು, ಎಲ್ಲವನ್ನೂ ಮೊದಲಿನಿಂದ ಹೇಳಿಬಿಡಬೇಕೆಂದು ಬಾಯಿ ತೆರೆದಳು. ತೆರೆದ ಬಾಯಿಗೆ ಉಮ್ಮು ಕಿನಾನ್ ರಸದಲ್ಲಿ ಅದ್ದಿದ ರೊಟ್ಟಿಯ ದೊಡ್ಡ ತುತ್ತೊಂದನ್ನು, ಒಳಗೊಂದು ಇಡೀ ಉಂಡೆಯ ಸಮೇತ, ತುರುಕಿಬಿಟ್ಟರು.

ಅತಿಥಿ ಉತ್ತರಕ್ಕೆ ಕಾಯುತ್ತಿದ್ದರು. ಶಮೀರಾಳ ಕೆನ್ನೆ ಎರಡೂ ಕಡೆ ಉಬ್ಬಿತ್ತು. ಮರ್ಯಾದೆ ಕಾಪಾಡುವ ಹೊಣೆ ತನ್ನದೆಂದುಕೊಂಡ ಮಾಮಿ ಮುಂದಕ್ಕೆ ಸರಿದು ಕೂತು, ಶುದ್ಧ ಬ್ಯಾರಿಯಲ್ಲಿ ಶುರುಮಾಡಿದರು. ಸೊಸೆ ಹಣ್ಣನ್ನು ತಿಕ್ಕಿ ತಿಕ್ಕಿ ತೊಳೆದದ್ದನ್ನು ಕೈಯಲ್ಲೇ ಮಾಡಿ ತೋರಿಸಿದರು. ಕರೆಂಟು ಹೋದದ್ದಕ್ಕೆ ಕಣ್ಣು ಮುಚ್ಚಿ ತೆರೆದರು. ಚಿಟಿಕೆ ಚಿಟಿಕೆ ಉಪ್ಪು ಹಾಕಿದ್ದಕ್ಕೆ ಹಣೆ ಚಚ್ಚಿಕೊಂಡರು. ಫ್ರಿಜ್ಜಿಗೆ ಬೆನ್ನು ಕೊಟ್ಟು ನಿಂತು ಸುಳ್ಳು ಹೇಳಿದ್ದನ್ನೂ ಬಿಡಲಿಲ್ಲ. ಹುಡುಗನ ತಾಯಿ ಒಂದು ಮಾತೂ ಅರ್ಥವಾಗದೆ, ಪ್ರತಿ ಮಾತಿಗೂ ಗೌರವದಿಂದ ತಲೆದೂಗಿ, "ಮಾಶಾ ಅಲ್ಲಾಹ್, ಮಾಶಾ ಅಲ್ಲಾಹ್," ಎನ್ನುತ್ತಿದ್ದರು. ಉಮ್ಮು ಕಿನಾನ್ ಗೋಡೆಯ ಕಡೆ ತಿರುಗಿ ಭುಜ ಕುಲುಕಿಸಿ ನಗುತ್ತಿದ್ದರು.

ಸತ್ಯವೆಲ್ಲ ಹೇಳಿ ಆಯಿತಲ್ಲ ಎಂದು ಶಮೀರಾ ತುತ್ತನ್ನು ನಿಧಾನವಾಗಿ ಅಗಿಯತೊಡಗಿದಳು. ರುಚಿ ಬಹಳ ಚೆನ್ನಾಗಿತ್ತು.